ಅಲುಗಾಡದ ಬೆಲೆಯ ಷೇರುಗಳನ್ನು ಹುಡುಕಿದ ಬಗೆ

ರಾಯಚೂರಿನ ರಾಜೇಂದ್ರ ಗಂಜ್‌ನಲ್ಲಿ ಹತ್ತಿಯ ದಲ್ಲಾಳಿ ಅಂಗಡಿಯೊಂದರ ಲೆಕ್ಕ ಬರೆಯುವುದು ನನ್ನ ಕೆಲಸ. ಬೆಳಿಗ್ಗೆಯ ಧಾರಣೆ ಸಂಜೆಗೆ ಇರುವುದಿಲ್ಲ ಎಂಬುದನ್ನು ವರ್ಷಗಟ್ಟಲೆ ನೋಡಿ ಬೇಸತ್ತಿದ್ದರಿಂದ, ನನ್ನ ಉಳಿತಾಯದ ಹಣವನ್ನಾದರೂ ಬೆಲೆ ಹೆಚ್ಚು ಏರಿಳಿಯದ ಷೇರುಗಳಲ್ಲಿ ಇಡಬೇಕೆಂದು ನಿಶ್ಚಯಿಸಿದೆ. ಹೆಚ್ಚು ಅಪಾಯ ಹೊತ್ತವರಿಗೇ ಹೆಚ್ಚು ಲಾಭ ಎಂಬ ಮಾತು ಷೇರುಗಳ ವಿಷಯದಲ್ಲಿ ಸದಾ ನಿಜವಲ್ಲವೆಂದು ಅಮೆರಿಕದ ರಾಬರ್ಟ್ ಹಾಗೆನ್ ಮುಂತಾದವರು 1970ರ ದಶಕದಲ್ಲೇ ಅಂಕಿ ಅಂಶ ಸಹಿತ ತೋರಿಸಿದ್ದರೆಂದು ಓದಿದ್ದೂ ಇದಕ್ಕೆ ಕಾರಣವಾಗಿತ್ತು.

ಲೆಕ್ಕ ಕಷ್ಟದ್ದಲ್ಲ. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ (ಎನ್‌ಎಸ್‌ಇ) ದಿನವೂ ಪ್ರಕಟಿಸುವ ಭಾವ್‌ಕಾಪಿ ಎಂಬ ಬೆಲೆಪಟ್ಟಿಯ ಕಡತಗಳಿಂದ ಒಂದು ವರ್ಷದ ಮುಕ್ತಾಯ ಬೆಲೆಗಳನ್ನು ಎಕ್ಸೆಲ್‌ಗೆ ತಂದು, ಪ್ರತಿ ಷೇರಿನ ಬೆಲೆ ಹಿಂದಿನ ದಿನಕ್ಕಿಂತ ಶೇಕಡಾ ಎಷ್ಟು ಬದಲಾಯಿತು ಎಂದು ತೆಗೆದು, ಆ ಬದಲಾವಣೆಗಳ ಮಾನಕ ವಿಚಲನೆಯನ್ನು, ಅಂದರೆ ಅವು ತಮ್ಮ ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆಯನ್ನು, ಕಂಡುಹಿಡಿದೆ. ವರ್ಷಕ್ಕೆ ವಹಿವಾಟಿನ ದಿನಗಳು ಸುಮಾರು 250. ಅದರ ವರ್ಗಮೂಲ 15.8. ದಿನದ ಮಾನಕ ವಿಚಲನೆ ಶೇ 1 ಇದ್ದರೆ ಅದನ್ನು ಈ ಸಂಖ್ಯೆಯಿಂದ ಗುಣಿಸಿದಾಗ ವಾರ್ಷಿಕ ಏರಿಳಿತ ಸುಮಾರು ಶೇ 16 ಎಂದಾಗುತ್ತದೆ. ಕಡಿಮೆ ಸಂಖ್ಯೆಯಿಂದ ಹೆಚ್ಚಿನದಕ್ಕೆ ಜೋಡಿಸಿದರೆ ಪಟ್ಟಿ ಸಿದ್ಧ.

ಆ ಮೊದಲ ಪಟ್ಟಿಯನ್ನು ನಂಬಿ ನಾನು ನಷ್ಟ ಅನುಭವಿಸಿದೆ. ಮೇಲಿನ ಸಾಲುಗಳಲ್ಲಿ ಕಾಣಿಸಿಕೊಂಡ ಹೆಸರು ಕೇಳದ ಒಂದು ಸಣ್ಣ ಕಂಪನಿಯ 400 ಷೇರುಗಳನ್ನು ಕೊಂಡಿದ್ದೆ. ಮಗಳ ಕಾಲೇಜಿನ ಶುಲ್ಕ ಕಟ್ಟುವ ಹೊತ್ತಿಗೆ ಮಾರಲು ಹೋದರೆ ಕೊಳ್ಳುವವರೇ ಇಲ್ಲ. ಪರದೆಯ ಮೇಲೆ ಒಂದು ದಿನ 20 ಷೇರಿಗೆ ಬೇಡಿಕೆ, ಮತ್ತೊಂದು ದಿನ 35ಕ್ಕೆ. ಹನ್ನೊಂದು ದಿನ ಕಾದು, ಶೇ 14ರಷ್ಟು ಕಡಿಮೆ ಬೆಲೆಗೆ ಎಲ್ಲವನ್ನೂ ಮಾರಿ ಮುಗಿಸಿದೆ. ವರ್ಷವಿಡೀ ಅಲುಗಾಡದೆ ನಿಂತಿದ್ದ ಬೆಲೆ ನಾನೊಬ್ಬ ಮಾರಲು ನಿಂತ ಕೂಡಲೇ ಕುಸಿದದ್ದೇಕೆಂದು ತಿಳಿಯಲಿಲ್ಲ.

ತಿಳಿಸಿದವರು ನಮ್ಮ ಅಂಗಡಿಯ ಹಿರಿಯ ಗುಮಾಸ್ತರು. ಅವರಿಗೆ ಷೇರಿನ ಗಂಧವಿಲ್ಲ, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಧಾರಣಿ ನೋಡೂಕಿಂತ ಮುಂಚೆ ಆವಕ ನೋಡಬೇಕಪಾ. ಮಾಲೇ ಬರದಿದ್ರ ಧಾರಣಿ ಎಲ್ಲಿಂದ ಅಲುಗಾಡತದ?" ಎಂದರು. ಹಂಗಾಮು ಮುಗಿದ ಮೇಲೆ ಹತ್ತಿಯ ಆವಕ ನಿಂತ ದಿನಗಳಲ್ಲಿ ನಮ್ಮ ವಹಿಯಲ್ಲಿ ಹಿಂದಿನ ಧಾರಣೆಯೇ ಉಳಿದಿರುತ್ತದೆ. ಅದನ್ನು ನೋಡಿ ಹತ್ತಿಯ ಬೆಲೆ ಸ್ಥಿರವಾಗಿದೆ ಎಂದು ಗಂಜಿನ ಯಾರೂ ಹೇಳುವುದಿಲ್ಲ. ಎಕ್ಸೆಲ್ ಕಡತವನ್ನು ಮತ್ತೆ ತೆರೆದು ನೋಡಿದಾಗ, ನಾನು ಕೊಂಡಿದ್ದ ಷೇರಿನ ಬದಲಾವಣೆಯ ಸಾಲಿನಲ್ಲಿ 90ಕ್ಕೂ ಹೆಚ್ಚು ದಿನ ಬರೀ ಸೊನ್ನೆಗಳಿದ್ದವು. ವ್ಯಾಪಾರವೇ ನಡೆಯದೆ ಉಳಿದ ಹಳೆಯ ಬೆಲೆಯನ್ನು ನಾನು ಸ್ಥಿರತೆ ಎಂದು ಎಣಿಸಿದ್ದೆ.

ಅಂದಿನಿಂದ ಏರಿಳಿತ ಲೆಕ್ಕ ಹಾಕುವ ಮೊದಲೇ ಜರಡಿ ಹಿಡಿಯುತ್ತೇನೆ. ದಿನದ ವಹಿವಾಟಿನ ಮಧ್ಯಾಂಕ (ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆ) ₹5 ಕೋಟಿಗಿಂತ ಕಡಿಮೆ ಇರುವ ಷೇರನ್ನೂ, ವರ್ಷದಲ್ಲಿ ಹತ್ತಕ್ಕಿಂತ ಹೆಚ್ಚು ಸೊನ್ನೆಗಳಿರುವ ಷೇರನ್ನೂ ಪಟ್ಟಿಗೆ ಸೇರಿಸುವುದಿಲ್ಲ. ಸರಾಸರಿಯ ಬದಲು ಮಧ್ಯಾಂಕವನ್ನು ಹಿಡಿದದ್ದು ಏಕೆಂದರೆ, ಒಂದೇ ದಿನದ ದೊಡ್ಡ ಸಗಟು ವ್ಯವಹಾರವೊಂದು ವರ್ಷದ ಸರಾಸರಿಯನ್ನೇ ಎತ್ತಿ ನಿಲ್ಲಿಸಿಬಿಡುತ್ತದೆ. ವಹಿವಾಟು ಚೆನ್ನಾಗಿದ್ದೂ ಬೆಲೆ ಕಟ್ಟಿಹಾಕಿದಂತೆ ನಿಂತಿರುವ ಷೇರುಗಳೂ ಇವೆ. ಕಂಪನಿಯನ್ನು ಕೊಳ್ಳಲು ಬಂದವರು ನಿಗದಿತ ಬೆಲೆಗೆ ಓಪನ್ ಆಫರ್ ಘೋಷಿಸಿದ್ದರೆ ಮಾರುಕಟ್ಟೆಯ ಬೆಲೆಯೂ ಅದರ ಆಸುಪಾಸಿನಲ್ಲೇ ತಿರುಗುತ್ತಿರುತ್ತದೆ, ಆಫರ್ ಮುಗಿದ ಮೇಲೆ ಆ ಆಸರೆ ಇರುವುದಿಲ್ಲ. ಇದನ್ನು ಯಾವ ಸೂತ್ರವೂ ಹೇಳುವುದಿಲ್ಲ. ಕಂಪನಿಯ ಪ್ರಕಟಣೆಗಳನ್ನು ಒಂದೊಂದಾಗಿ ಓದಲೇಬೇಕು.

ಇದಕ್ಕೆ ತದ್ವಿರುದ್ಧವಾದ ತಪ್ಪನ್ನೂ ಮಾಡಿದ್ದೇನೆ. ಭಾವ್‌ಕಾಪಿಯ ಹಳೆಯ ಬೆಲೆಗಳು ಬೋನಸ್ ಷೇರಿಗೆ ತಕ್ಕಂತೆ ತಿದ್ದಿದವಲ್ಲ. ಒಂದಕ್ಕೊಂದು ಬೋನಸ್, ಅಂದರೆ ಇರುವ ಪ್ರತಿ ಷೇರಿಗೆ ಇನ್ನೊಂದು ಉಚಿತ ಷೇರು, ಕೊಟ್ಟ ದಿನ ₹1,000 ಇದ್ದ ಬೆಲೆ ₹500 ಆಗುತ್ತದೆ. ಷೇರುದಾರರಿಗೆ ನಷ್ಟವೇನೂ ಇಲ್ಲ, ಆದರೆ ಎಕ್ಸೆಲ್ ಅದನ್ನು ಶೇ 50ರ ಕುಸಿತವೆಂದೇ ಓದುತ್ತದೆ. 250 ದಿನಗಳಲ್ಲಿ ಈ ಒಂದು ದಿನ ಸಾಕು, ದಿನಕ್ಕೆ ಶೇ 1 ಇದ್ದ ವಿಚಲನೆ ಶೇ 3.3ಕ್ಕೆ ಏರಿ, ವಾರ್ಷಿಕ ಏರಿಳಿತ 16ರ ಬದಲು 52 ಎಂದು ತೋರಿಸುತ್ತದೆ. ಹೀಗೆ ಒಳ್ಳೆಯ ಷೇರೊಂದು ನನ್ನ ಪಟ್ಟಿಯ ತಳಕ್ಕೆ ಹೋಗಿ ಬಿದ್ದಿತ್ತು. ಈಗ ಶೇ 20ಕ್ಕಿಂತ ಹೆಚ್ಚಿನ ಬದಲಾವಣೆಯ ಪ್ರತಿ ಕೋಶಕ್ಕೂ ಕೆಂಪು ಬಣ್ಣ ಬರುವಂತೆ ಮಾಡಿದ್ದು, ಬೋನಸ್ ಅಥವಾ ಮುಖಬೆಲೆ ವಿಭಜನೆ ಇದ್ದರೆ ಹಿಂದಿನ ಬೆಲೆಗಳನ್ನು ತಿದ್ದುತ್ತೇನೆ.

ಬಹಳ ಜನ ಗಮನಿಸದ ಇನ್ನೊಂದು ಸಂಗತಿ ಇದೆ. ಮಾನಕ ವಿಚಲನೆ ಅಳೆಯುವುದು ಸರಾಸರಿಯಿಂದ ಎಷ್ಟು ದೂರ ಸರಿಯಿತು ಎಂಬುದನ್ನು ಮಾತ್ರ. ದಿನವೂ ತಪ್ಪದೆ ಶೇ 0.3ರಷ್ಟು ಇಳಿಯುವ ಷೇರಿನ ವಿಚಲನೆ ಸೊನ್ನೆ, ಆದರೆ 250 ದಿನಗಳಲ್ಲಿ ಅದರಲ್ಲಿಟ್ಟ ₹100ರಲ್ಲಿ ಉಳಿಯುವುದು ಸುಮಾರು ₹47. ಇಷ್ಟು ನಯವಾಗಿ ಯಾವ ಷೇರೂ ಇಳಿಯುವುದಿಲ್ಲ ನಿಜ, ಆದರೂ ನಿಧಾನವಾಗಿ ಸೊರಗುವ ಕಂಪನಿಗಳು ಈ ಪಟ್ಟಿಯೊಳಗೆ ಸದ್ದಿಲ್ಲದೆ ನುಸುಳುತ್ತವೆ. ಆದ್ದರಿಂದ ಮೂರು ವರ್ಷಗಳ ಗರಿಷ್ಠ ಬೆಲೆಯಿಂದ ಎಷ್ಟು ಕೆಳಗಿದೆ ಎಂಬುದನ್ನು ಪಕ್ಕದಲ್ಲೇ ಬರೆದಿಡುತ್ತೇನೆ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದಿದ್ದರೆ, ಏರಿಳಿತ ಎಷ್ಟೇ ಕಡಿಮೆ ಇರಲಿ, ಬಿಟ್ಟುಬಿಡುತ್ತೇನೆ. ಹಳೆಯ ಷೇರುಗಳಾದರೆ 2020ರ ಮಾರ್ಚ್ ತಿಂಗಳನ್ನೂ ಬೇರೆಯಾಗಿ ನೋಡುತ್ತೇನೆ. ಆ ತಿಂಗಳ 23ರಂದು ಎನ್‌ಎಸ್‌ಇಯ ಮುಖ್ಯ ಸೂಚ್ಯಂಕವಾದ ನಿಫ್ಟಿ ಒಂದೇ ದಿನ ಸುಮಾರು ಶೇ 13ರಷ್ಟು ಕುಸಿದಿತ್ತು. ಶಾಂತ ವರ್ಷದ ಲೆಕ್ಕದಲ್ಲಿ ಕಾಣದ ಸ್ವಭಾವ ಅಂಥ ದಿನ ಹೊರಗೆ ಬರುತ್ತದೆ.

ಇಷ್ಟಾದ ಮೇಲೆ ಉಳಿದವನ್ನು ಎನ್‌ಎಸ್‌ಇಯ ನಿಫ್ಟಿ ಲೋ ವೊಲಾಟಿಲಿಟಿ 50 ಸೂಚ್ಯಂಕದ ಪಟ್ಟಿಯೊಂದಿಗೆ ಹೋಲಿಸುತ್ತೇನೆ. ಅದರಲ್ಲಿಲ್ಲದ ಹೆಸರು ನನ್ನಲ್ಲಿ ಮೇಲಿದ್ದರೆ ಮೊದಲು ಸಂಶಯಿಸುವುದು ನನ್ನ ಲೆಕ್ಕವನ್ನೇ. ಕಡಿಮೆ ಏರಿಳಿತದ ಷೇರಿಗೆ ಹೆಚ್ಚು ತೂಕ ಎಂಬ ಆ ಸೂಚ್ಯಂಕದ ಕ್ರಮವನ್ನೂ ಅನುಸರಿಸುತ್ತೇನೆ, ಆದರೆ ಸೋಪು, ಬಿಸ್ಕತ್ತು, ಔಷಧ ಕಂಪನಿಗಳೇ ಗುಂಪುಗೂಡುವುದರಿಂದ ಒಂದು ವಲಯಕ್ಕೆ ಹಣದ ಕಾಲು ಭಾಗಕ್ಕಿಂತ ಹೆಚ್ಚು ಇಡುವುದಿಲ್ಲ. ಮೂರು ತಿಂಗಳಿಗೊಮ್ಮೆ, ಭಾನುವಾರ ಗಂಜ್ ಮುಚ್ಚಿರುವಾಗ, ಹದಿನೆಂಟು ಷೇರುಗಳ ಈ ಲೆಕ್ಕವನ್ನು ಮೊದಲಿನಿಂದ ಮಾಡುತ್ತೇನೆ. ಕಳೆದ ಬಾರಿ ಎರಡು ಹೊರಗೆ ಹೋದವು, ಒಂದು ಹೊಸದಾಗಿ ಸೇರಿತು. ಖಾಲಿ ಉಳಿದ ಇನ್ನೊಂದು ಜಾಗಕ್ಕೆ ತಕ್ಕ ಷೇರು ಸಿಗದೆ ಆ ಹಣ ಬ್ಯಾಂಕಿನಲ್ಲೇ ಇದೆ.