ಬ್ಲೀಚಿಂಗ್ ಪುಡಿ ಹಾಕಿದರೂ ಸಂಪಿನ ನೀರು ನಾರುತ್ತಿದ್ದಾಗ

ಮಂಡ್ಯ ಕಡೆ ಮಳೆಗಾಳಿಗೆ ಕರೆಂಟ್ ಹೋದರೆ ಬೋರ್‌ವೆಲ್ ನಿಂತ ಹಾಗೆಯೇ, ಸಂಪಿನ ನೀರೇ ಗತಿ. ನಮ್ಮ 2000 ಲೀಟರ್ ಸಂಪಿಗೆ ಬ್ಲೀಚಿಂಗ್ ಪುಡಿ ಹಾಕಿದರೂ ನಾತ ಹೋಗಲಿಲ್ಲ. ತಳದ ಕೆಸರೇ ಕ್ಲೋರಿನ್ ತಿಂದುಹಾಕುತ್ತಿತ್ತು. ಜೊತೆಗೆ ಬಾಯಿ ತೆರೆದಿಟ್ಟ ಪೊಟ್ಟಣದ ಪುಡಿ ಸತ್ವ ಕಳೆದುಕೊಂಡಿತ್ತು.

ಸಂಪು ಬರಿದು ಮಾಡಿ ಗೋಡೆ, ತಳ ಉಜ್ಜಿ ಕೆಸರು ತೆಗೆಸಿದ ಮೇಲೆ ಸರಿಹೋಯಿತು. (ಮುಚ್ಚಳ ತೆರೆದು ಗಾಳಿಯಾಡಿಸದೆ ಒಳಗಿಳಿಯಬೇಡಿ, ಒಬ್ಬರೇ ಅಂತೂ ಬೇಡವೇ ಬೇಡ.)

ಅಳತೆ: ಸಾವಿರ ಲೀಟರಿಗೆ 2.5 ಗ್ರಾಂ ಹೊಸ ಪುಡಿ. ಪ್ಲಾಸ್ಟಿಕ್ ಮಗ್‌ನಲ್ಲಿ ಗಂಟಿಲ್ಲದಂತೆ ಕಲಸಿ, ನೀರು ತುಂಬಿ ಹತ್ತು ನಿಮಿಷ ಬಿಡಿ. ಕೆಳಗೆ ಕೂತ ಸುಣ್ಣ ಚೆಲ್ಲಿ; ಮೇಲಿನ ತಿಳಿಯನ್ನಷ್ಟೇ ಸಂಪಿಗೆ ಸುರಿದು ಕಲಕಿ. ಒಂದು ಗಂಟೆಯ ನಂತರ ಕ್ಲೋರಿನ್ ವಾಸನೆ ತುಸು ಬಂದರೆ ಕುಡಿಯಬಹುದು, ಬಾರದಿದ್ದರೆ ಅಷ್ಟೇ ಇನ್ನೊಮ್ಮೆ. ಉಳಿದ ಪುಡಿಗೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯೇ ಆಗಬೇಕು, ತಗಡಿನದು ತುಕ್ಕು ಹಿಡಿಯುತ್ತದೆ.