ಬಲ ಮಂಡಿಗೆ ನೋವು, ಎಡ ಕೈಗೆ ಕೋಲು

ಬೆಳಗ್ಗೆ ಮಂಗಳೂರಿನ ಬಿಜೈಯಿಂದ ಕದ್ರಿಗೆ ನಡೆದು ಹೋಗಿ ಬರುವುದು ನನ್ನ ಹಳೇ ಅಭ್ಯಾಸ. ಎರಡು ವರ್ಷದ ಹಿಂದೆ ಬಲ ಮಂಡಿ ತಕರಾರು ತೆಗೆಯಿತು. ಹತ್ತುವಾಗ ಏನೂ ಇಲ್ಲ, ಇಳಿಯುವಾಗ ಮೆಟ್ಟಿಲಿಗೊಂದು ಚುಚ್ಚು. ಮನೆಯಲ್ಲಿ ಕೋಲು ಹಿಡಿಯಿರಿ ಅಂದರು. ಬೆತ್ತ ಊರುವ ವಯಸ್ಸಾ ನನ್ನದು ಎಂಬ ಜಂಬದಲ್ಲಿ ಆನ್‌ಲೈನಲ್ಲಿ ಇರುವುದರಲ್ಲೇ ಅಗ್ಗದ ಟ್ರೆಕ್ಕಿಂಗ್ ಪೋಲ್, ಅಂದರೆ ಒಂದರೊಳಗೊಂದು ಸೇರುವ ಕೊಳವೆಗಳ ಚಾರಣದ ಕೋಲು, ತರಿಸಿದೆ.

ಅದು ತಿರುಗಿಸಿ ಬಿಗಿ ಮಾಡುವಂಥದ್ದು. ಒಳಗಿನ ಪ್ಲಾಸ್ಟಿಕ್ ತುಂಡು ಹಿಗ್ಗಿ ಕೊಳವೆಯನ್ನು ಕಚ್ಚಿ ಹಿಡಿಯಬೇಕು, ಅಷ್ಟೇ ಅದರ ಬಲ. ಮಳೆಗಾಲ, ಒಳಗೆ ನೀರು ಇಳಿದಿತ್ತೋ ಏನೋ, ಕದ್ರಿ ಗುಡ್ಡೆಯ ಮೆಟ್ಟಿಲಲ್ಲಿ ಭಾರ ಹಾಕಿದ್ದೇ ತಡ, ಸುಯ್ ಅಂತ ಒಂದು ಗೇಣು ಒಳಗೆ ಹೋಯಿತು. ಪಕ್ಕದ ಗೋಡೆ ಕೈಗೆ ಸಿಕ್ಕಿತು, ಬಚಾವಾದೆ.

ಎರಡನೆಯದನ್ನು ಹಂಪನಕಟ್ಟೆಯ ಅಂಗಡಿಗೇ ಹೋಗಿ ತಂದೆ. ಹೊರಗಿನಿಂದ ಒತ್ತಿ ಹಾಕುವ ಲಿವರ್ ಲಾಕ್. ಸಡಿಲಾದರೆ ಸಣ್ಣ ಸ್ಕ್ರೂ ಬಿಗಿ ಮಾಡಿದರೆ ಮುಗಿಯಿತು. ಅಂಗಡಿಯಲ್ಲೇ ಲಾಕ್ ಹಾಕಿ, ಎರಡೂ ಕೈ ಇಟ್ಟು ಮೈಭಾರವೆಲ್ಲ ಬಿಟ್ಟು ನೋಡಿದೆ. ಹುಡುಗ ನಕ್ಕ, ನಗಲಿ. ಕಾರ್ಬನ್ ಹಗುರ ಅಂತ ತೋರಿಸಿದ. ಆದರೆ ಕಲ್ಲಿನ ಸಂದಿಗೆ ಸಿಕ್ಕಿ ಅಡ್ಡ ಪೆಟ್ಟು ಬಿದ್ದರೆ ಕಾರ್ಬನ್ ಫಟ್ ಅಂತ ಮುರಿಯಬಹುದು, ಅಲ್ಯೂಮಿನಿಯಂ ಹೆಚ್ಚಾಗಿ ಬಾಗುತ್ತದೆ. ನನಗೆ ಬಾಗುವುದೇ ಸಾಕು. ಹಿಡಿ ಕಾರ್ಕಿನದ್ದು ತಗೊಂಡೆ, ನಮ್ಮ ಸೆಕೆಗೆ ರಬ್ಬರ್ ಹಿಡಿ ಬೆವರಿ ಜಾರುತ್ತದೆ ಮಾರಾಯ್ರೆ.

ಉದ್ದದ ಲೆಕ್ಕ ಸುಲಭ. ನಡೆಯುವ ಶೂ ಹಾಕಿಕೊಂಡೇ ನಿಲ್ಲಬೇಕು, ತುದಿ ಪಾದದ ಪಕ್ಕ ಇಟ್ಟಾಗ ಮೊಣಕೈ ಎಲ್ ಆಕಾರಕ್ಕೆ ಬರಬೇಕು. ನಾನು 165 ಸೆಂ.ಮೀ., ನನಗೆ 110 ಸರಿಯಾಯಿತು. ಇಳಿಜಾರಿನಲ್ಲಿ ಐದು ಸೆಂ.ಮೀ. ಜಾಸ್ತಿ ಮಾಡುತ್ತೇನೆ. ಆದರೆ ಇದು ಸಮತೋಲಕ್ಕೆ, ದೂಡಿ ನಡೆಯುವುದಕ್ಕೆ. ಅಂಗೈ ಊರಿ ಪೂರ್ತಿ ಭಾರ ಬಿಡಬೇಕಾದವರಿಗೆ ಮಣಿಕಟ್ಟಿನ ಎತ್ತರದ ಬೆತ್ತವೇ ಬೇಕು, ಅದಕ್ಕೆ ಪೋಲ್ ಆಗುವುದಿಲ್ಲ.

ಇಷ್ಟೆಲ್ಲ ನೋಡಿ ತಂದವನು ಒಂದು ತಿಂಗಳು ಹಿಡಿದದ್ದು ಬಲಗೈಯಲ್ಲಿ! ನೋವಿರುವ ಕಡೆಗೇ ಆಸರೆ ಅಂತ ನನ್ನ ತಲೆ. ಫಿಸಿಯೋಥೆರಪಿಯವರು ನೋಡಿ ಎಡಗೈಗೆ ಕೊಟ್ಟರು. ಬಲಗಾಲು ಮುಂದಿಡುವಾಗ ಎಡಗೈಯ ಕೋಲೂ ಮುಂದೆ. ಎರಡು ದಿನ ಗೊಂದಲ, ಆಮೇಲೆ ಮಂಡಿಗೇ ವ್ಯತ್ಯಾಸ ಗೊತ್ತಾಯಿತು. ಮೆಟ್ಟಿಲಲ್ಲಿ ಕೈಪಟ್ಟಿಯನ್ನು ಮಾತ್ರ ಬಿಚ್ಚಿಬಿಡುತ್ತೇನೆ. ಬಿದ್ದರೆ ಕೋಲು ಕೈಯಿಂದ ಹೋಗಬೇಕು, ಹೆಬ್ಬೆರಳನ್ನು ಎಳೆಯಬಾರದು ಅಲ್ವಾ.

ಇನ್ನು ತುದಿ. ಕಾಂಕ್ರೀಟು, ಟೈಲ್ಸಿಗೆ ರಬ್ಬರ್ ಟೋಪಿ ಬೇಕೇ ಬೇಕು, ಇಲ್ಲದಿದ್ದರೆ ಟಕ್ ಟಕ್ ಸದ್ದು, ಮೇಲಿಂದ ಜಾರಿಕೆ. ಕೆಂಪು ಮುರಕಲ್ಲಿನ ದಾರಿ, ಕೆಸರಿಗೆ ಅದನ್ನು ಕಳಚಿ ಲೋಹದ ಮೊನೆಯನ್ನೇ ಊರುತ್ತೇನೆ. ಪಾಚಿಗೆ ರಬ್ಬರನ್ನು ನಂಬಬೇಡಿ.

ಪಣಂಬೂರು ಬೀಚಿನ ಮರಳಿಗೆ ಒಯ್ದ ದಿನ ಮೂರೂ ತುಂಡು ಬಿಚ್ಚಿ ಸಿಹಿನೀರಲ್ಲಿ ತೊಳೆದು, ಬಿಡಿಬಿಡಿಯಾಗಿಯೇ ಒಣಗಿಸುತ್ತೇನೆ. ಉಪ್ಪು ಕೂತರೆ ಕೊಳವೆ ಕಚ್ಚಿಕೊಳ್ಳುತ್ತದೆ. ಎಣ್ಣೆ ಮಾತ್ರ ಹಾಕಬೇಡಿ, ಲಾಕ್ ಜಾರುತ್ತದೆ. ಹೋದ ಮಳೆಗಾಲಕ್ಕೆ ಎರಡು ಟೋಪಿ ಸವೆದು ಮೊನೆ ಹೊರಗೆ ಬಂದಿತ್ತು, ಈ ಸಲ ಮೊದಲೇ ನಾಲ್ಕು ತಂದಿಟ್ಟಿದ್ದೇನೆ.