ಕಾಲಿಗೆ ಕೆಲಸ ಕೊಡಿ, ಗಮನವೂ ಅಲ್ಲೇ ಇರಲಿ

ಬೆಳಗ್ಗೆ ಪಾರ್ಕಿನಲ್ಲಿ ಸುತ್ತು ಹಾಕುವವರನ್ನು ನೋಡಿ. ಕಾಲು ತನ್ನ ಪಾಡಿಗೆ ನಡೆಯುತ್ತಿರುತ್ತದೆ. ಕೈಯಲ್ಲಿ ಮೊಬೈಲು, ಕಿವಿಯಲ್ಲಿ ಸುದ್ದಿ, ತಲೆಯಲ್ಲಿ ಮಗಳ ಮನೆಯ ಗೃಹಪ್ರವೇಶದ ಲೆಕ್ಕ. ಈ ನಡಿಗೆ ದಂಡ ಅಂತ ಯಾರೂ ಹೇಳುವುದಿಲ್ಲ. ಹೃದಯಕ್ಕೂ ಸಕ್ಕರೆ ಕಾಯಿಲೆಗೂ ಮಿದುಳಿಗೂ ಅದು ಒಳ್ಳೆಯದೇ. ಆದರೆ ಅರವತ್ತು ದಾಟಿದವರು ದಿನದಲ್ಲಿ ಅರ್ಧ ಗಂಟೆಯಾದರೂ ಮೈ ಏನು ಮಾಡುತ್ತಿದೆ ಎಂದು ಗಮನಿಸುತ್ತಾ ವ್ಯಾಯಾಮ ಮಾಡುವುದು ಇನ್ನೂ ಮೇಲು. ಯೋಗಾಸನ, ಮೈಯನ್ನು ನಿಧಾನಕ್ಕೆ ಆಡಿಸುವ ಚೀನಾದ ವ್ಯಾಯಾಮ ತಾಯ್ ಚಿ, ಎರಡರ ಗುಟ್ಟೂ ಇದೇ.

ನಮ್ಮ ನೆನಪಿಗೆ ಆಧಾರವಾದ, ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗ ಇಳಿವಯಸ್ಸಿನಲ್ಲಿ ವರ್ಷಕ್ಕೆ ಸುಮಾರು ಶೇ 1ರಿಂದ 2ರಷ್ಟು ಕುಗ್ಗುತ್ತಾ ಹೋಗುತ್ತದೆ. 2011ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ಸ್ವಲ್ಪ ಸಮಾಧಾನ ಹೇಳಿತು. ಅದರಲ್ಲಿದ್ದವರು 120 ಮಂದಿ ಹಿರಿಯರು. ಅರ್ಧದಷ್ಟು ಜನ ವಾರಕ್ಕೆ ಮೂರು ದಿನ, 40 ನಿಮಿಷದಂತೆ ಒಂದು ವರ್ಷ ನಡೆದರು. ಅವರ ಹಿಪೊಕ್ಯಾಂಪಸ್ ಸುಮಾರು ಶೇ 2ರಷ್ಟು ಹಿಗ್ಗಿತ್ತು. ಬರೀ ಮೈ ಎಳೆಯುವ (ಸ್ಟ್ರೆಚಿಂಗ್) ವ್ಯಾಯಾಮ ಮಾಡಿದ ಉಳಿದವರಲ್ಲಿ ಅದು ಕುಗ್ಗಿತ್ತು.

ಅಮೆರಿಕದ ಆರೆಗಾನ್ ರಾಜ್ಯದ ಸಂಶೋಧಕರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಸ್ವಲ್ಪ ಮರೆವು ಶುರುವಾಗಿದ್ದ 300ಕ್ಕೂ ಹೆಚ್ಚು ಹಿರಿಯರಿಗೆ ಝೂಮ್ ವಿಡಿಯೊ ಕರೆಯಲ್ಲಿ 24 ವಾರ ಪಾಠ ಮಾಡಿದರು. ಕೆಲವರಿಗೆ ಬರೀ ತಾಯ್ ಚಿ. ಕೆಲವರಿಗೆ ತಾಯ್ ಚಿ ಮಾಡುತ್ತಲೇ ಪದಗಳ ಅಕ್ಷರಗಳನ್ನು ಹಿಂದುಮುಂದಾಗಿ ಹೇಳುವಂಥ ಕೆಲಸವೂ ಇತ್ತು. 2023ರಲ್ಲಿ ಫಲಿತಾಂಶ ಬಂತು. ಮೈ ಮತ್ತು ತಲೆ ಎರಡಕ್ಕೂ ಒಟ್ಟಿಗೆ ಕೆಲಸ ಕೊಟ್ಟವರು ಮಿದುಳಿನ ಸಾಮರ್ಥ್ಯದ ಪರೀಕ್ಷೆಯಲ್ಲಿ ಮುಂದಿದ್ದರು.

ಹಾಗಂತ ಇದು ಪವಾಡವಲ್ಲ. ಮರೆವಿನ ಚಿಂತೆಯಿದ್ದ 585 ಹಿರಿಯರಿಗೆ ಧ್ಯಾನದ ತರಬೇತಿ, ವ್ಯಾಯಾಮ, ಎರಡೂ ಸೇರಿಸಿ, ಹೀಗೆ ಬೇರೆ ಬೇರೆಯಾಗಿ ಕೊಟ್ಟು ನೋಡಿದ ಅಮೆರಿಕದ ಇನ್ನೊಂದು ಪ್ರಯೋಗದಲ್ಲಿ (2022) ನೆನಪಿನ ಶಕ್ತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 'ಈ ಆಸನ ಮಾಡಿ, ಮರೆವು ಮಾಯ' ಎಂಬ ವಾಟ್ಸ್‌ಆ್ಯಪ್ ಸಂದೇಶ ಬಂದರೆ ಸುಮ್ನೆ ಅಳಿಸಿಬಿಡಿ. ಆದರೂ ನಾನು ಈ ಅಭ್ಯಾಸದ ಪರ. ಬೀಳುವುದನ್ನು ತಡೆಯುವುದರಲ್ಲಿ ತಾಯ್ ಚಿಯಂಥ ವ್ಯಾಯಾಮದ ಬಲ ಚೆನ್ನಾಗಿ ಸಾಬೀತಾಗಿದೆ. ಒಮ್ಮೆ ಬಿದ್ದು ಸೊಂಟ ಮುರಿದುಕೊಂಡವರ ಓಡಾಟ, ಮಾತುಕತೆ ಎಲ್ಲ ಹೇಗೆ ನಿಂತುಹೋಗುತ್ತದೆ ಎಂದು ನಾವೆಲ್ಲ ನೋಡಿದ್ದೇವೆ, ಅಲ್ವಾ?

ಶುರು ಮಾಡುವ ಮುನ್ನ

ಗಟ್ಟಿಯಾದ ಮರದ ಕುರ್ಚಿ ಬೇಕು. ಅದರ ಬೆನ್ನು ಗೋಡೆಗೆ ಒತ್ತಿರಲಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ. ಟೈಲ್ಸ್ ಮೇಲೆ ಸಾಕ್ಸ್ ಹಾಕಿಕೊಂಡು ನಿಲ್ಲಬೇಡಿ. ಬರಿಗಾಲೇ ವಾಸಿ, ಪಾದಕ್ಕೆ ನೆಲ ಗೊತ್ತಾಗುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿದ್ದರೆ ಮಾತ್ರ ಹಿಡಿತವಿರುವ ಚಪ್ಪಲಿ ಹಾಕಿಕೊಳ್ಳಿ. ಗ್ಲಕೋಮಾ ಎಂಬ ಕಣ್ಣಿನ ಕಾಯಿಲೆ ಇರುವವರು ತಲೆ ಕೆಳಗೆ ಮಾಡುವ ಆಸನಗಳ ತಂಟೆಗೆ ಹೋಗಬಾರದು. ಮೂಳೆ ಟೊಳ್ಳಾಗಿದೆ ಎಂದು ಡಾಕ್ಟರು ಹೇಳಿದ್ದರೆ ಬೆನ್ನು ಬಾಗಿಸಿ ಮುಂದಕ್ಕೆ ಬಗ್ಗುವುದು ಬೇಡ. ಎದ್ದಾಗ ತಲೆ ತಿರುಗುವವರು, ಹೃದಯದ ತೊಂದರೆ ಇರುವವರು ಮೊದಲು ಡಾಕ್ಟರನ್ನು ಕೇಳಿ.

1. ಉಸಿರು

ಕುರ್ಚಿಯಲ್ಲಿ ಕೂತು ಎರಡೂ ಪಾದ ನೆಲಕ್ಕೆ ಊರಿ. ನಾಲ್ಕು ಎಣಿಸುತ್ತಾ ಉಸಿರು ಎಳೆದುಕೊಳ್ಳಿ, ಆರು ಎಣಿಸುತ್ತಾ ಬಿಡಿ. ಉಸಿರು ಕಟ್ಟುವುದು ಬೇಡ. ಮೂರು ನಿಮಿಷ ಸಾಕು. ಮನಸ್ಸು ಗ್ಯಾಸ್ ಬುಕಿಂಗ್ ಕಡೆ ಓಡಿದರೆ ಬೈದುಕೊಳ್ಳಬೇಡಿ, ಮತ್ತೆ ಎಣಿಕೆಗೆ ಬನ್ನಿ. ಹಾಗೆ ವಾಪಸ್ ಬರುವುದೇ ಇಲ್ಲಿನ ಅಭ್ಯಾಸ.

2. ಕೂತು ಏಳುವುದು

ಕೈ ಊರದೆ, ಉಸಿರು ಬಿಡುತ್ತಾ ನಿಧಾನಕ್ಕೆ ಏಳಿ. ಕೂರುವಾಗ ಇನ್ನೂ ನಿಧಾನ. ಧೊಪ್ ಎಂದು ಬೀಳಬಾರದು. ಭಾರ ಹಿಮ್ಮಡಿಗೆ ಬರುವುದು, ತೊಡೆ ಬಿಗಿಯಾಗುವುದು, ಎಲ್ಲವನ್ನೂ ಗಮನಿಸಿ. ಎಂಟು ಸಲ. ಮಂಡಿ ನೋಯುವವರು ಕುರ್ಚಿಗೆ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ.

3. ಭಾರ ಬದಲಿಸುವುದು

ಇಡೀ ಅಭ್ಯಾಸದಲ್ಲಿ ನನಗೆ ಅತಿ ಮುಖ್ಯ ಅನಿಸುವುದು ಇದು. ಅವಸರ ಮಾಡಬೇಡಿ. ಭುಜದಷ್ಟು ಅಗಲಕ್ಕೆ ಕಾಲಿಟ್ಟು, ಮಂಡಿ ಸ್ವಲ್ಪ ಸಡಿಲ ಮಾಡಿ ನಿಲ್ಲಿ. ಮೈಭಾರವನ್ನು ಮೆಲ್ಲಗೆ ಬಲಗಾಲಿಗೆ ದಾಟಿಸಿ. ಹಿಮ್ಮಡಿ, ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಮೂರೂ ಕಡೆ ನೆಲ ಒತ್ತುತ್ತಿದೆಯೇ ನೋಡಿ. ಎಡಗಾಲು ಹಗುರಾಯಿತೇ? ಈಗ ಅದನ್ನು ಒಂದಂಗುಲ ಎತ್ತಿ, ಇಳಿಸಿ. ಆಮೇಲೆ ಇನ್ನೊಂದು ಬದಿ.

ನಮ್ಮ ಸಮತೋಲನ ಕಣ್ಣು, ಒಳಕಿವಿ ಮತ್ತು ಪಾದ-ಕೀಲುಗಳಿಂದ ಬರುವ ಸುದ್ದಿಯ ಮೇಲೆ ನಿಂತಿದೆ. ಮೂರನ್ನೂ ಕ್ಷಣಕ್ಷಣಕ್ಕೂ ತಾಳೆ ನೋಡುವುದು ಮಿದುಳು. ವಯಸ್ಸಾದಂತೆ ಪಾದದ ಸುದ್ದಿ ಮಂಕಾಗುತ್ತದೆ, ಕಣ್ಣಿನ ಮೇಲೆ ಭಾರ ಜಾಸ್ತಿ ಬೀಳುತ್ತದೆ. ರಾತ್ರಿ ಬಚ್ಚಲಿಗೆ ಹೋಗುವಾಗ ಜೋಲಿ ಹೊಡೆಯುವುದಕ್ಕೆ ಇದೂ ಒಂದು ಕಾರಣ.

ಒಂದೆರಡು ವಾರದಲ್ಲಿ ಧೈರ್ಯ ಬಂದ ಮೇಲೆ ಕಿಟಕಿ ಸರಳನ್ನೋ ಅಡುಗೆಮನೆ ಕಟ್ಟೆಯನ್ನೋ ಹಿಡಿದು ಒಂಟಿಕಾಲಲ್ಲಿ ಹತ್ತು ಸೆಕೆಂಡು ನಿಲ್ಲಿ. ಆಮೇಲೆ ಒಂದು ಬೆರಳು ಮಾತ್ರ ತಾಗಿಸಿ. ಒಬ್ಬರೇ ಇದ್ದಾಗ ಕಣ್ಣು ಮುಚ್ಚಿ ಮಾಡುವ ಸಾಹಸ ಬೇಡ.

4. ಗೆರೆ ಮೇಲೆ ನಡಿಗೆ

ಟೈಲ್ಸ್ ಕೂಡುವ ಗೆರೆಯ ಮೇಲೆ, ಒಂದು ಕಾಲಿನ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ಹತ್ತು ಹೆಜ್ಜೆ ನಡೆಯಿರಿ. ಪಕ್ಕದಲ್ಲೇ ಗೋಡೆ ಇರಲಿ. ನೋಟ ಎದುರಿಗಿರಲಿ.

5. ಈಗ ತಲೆಗೂ ಕೆಲಸ

ಮೇಲಿನದೆಲ್ಲ ಒಂದು ತಿಂಗಳು ರೂಢಿಯಾದ ಮೇಲೆ ಇದನ್ನು ಸೇರಿಸಿ. ಭಾರ ಬದಲಿಸುತ್ತಾ ಹದಿಮೂರರ ಮಗ್ಗಿಯನ್ನು ಕೊನೆಯಿಂದ ಹೇಳಿ. ಚಾಂದ್ರಮಾನ ಮಾಸಗಳನ್ನು ಫಾಲ್ಗುಣ, ಮಾಘ, ಪುಷ್ಯ ಎಂದು ಹಿಂದಕ್ಕೆ ಎಣಿಸಿ. ಚಿಕ್ಕಮಗಳೂರನ್ನು ತಿರುಗಿಸಿ ರು-ಳೂ-ಗ-ಮ-ಕ್ಕ-ಚಿ ಅನ್ನಿ. ಮೊಮ್ಮಕ್ಕಳು ಮನೆಯಲ್ಲಿದ್ದರೆ ಅವರೇ ಪದ ಕೊಡಲಿ, ತಮಾಷೆಯಾಗಿರುತ್ತದೆ.

ಗಮನ ಮೈಯಲ್ಲಿರಲಿ ಅಂದು ಈಗ ಮಗ್ಗಿ ಹೇಳಿ ಅಂದರೆ ಹೇಗೆ ಎಂದು ಕೇಳಬಹುದು. ತಲೆ ತಾನಾಗಿ ಅಲೆಯುವುದು ಬೇರೆ, ನೀವೇ ಅದಕ್ಕೆ ಕೆಲಸ ಒಪ್ಪಿಸುವುದು ಬೇರೆ. ಮಾತಾಡುವುದಕ್ಕೆ ನಡಿಗೆ ನಿಲ್ಲಿಸಲೇಬೇಕಾದ ಹಿರಿಯರು ಬೀಳುವ ಸಂಭವ ಹೆಚ್ಚು ಎಂದು ಸ್ವೀಡನ್ನಿನ ಸಂಶೋಧಕರು 1997ರಲ್ಲೇ ಗುರುತಿಸಿದ್ದರು. ಎರಡು ಕೆಲಸ ಒಟ್ಟಿಗೆ ನಿಭಾಯಿಸುವ ಈ ಶಕ್ತಿಯನ್ನೇ ಇಲ್ಲಿ ತಾಲೀಮು ಮಾಡಿಸುವುದು. ಮಗ್ಗಿ ತಪ್ಪಿದರೆ ತಪ್ಪಲಿ, ಕಾಲು ತಪ್ಪುವ ಹಾಗಿದ್ದರೆ ಮಗ್ಗಿ ಬಿಟ್ಟುಬಿಡಿ.

ಗುಂಪು ಸಿಕ್ಕರೆ ಕೋಲಾಟ ಕಲಿಯಿರಿ. ಹೆಜ್ಜೆ, ತಾಳ, ಎದುರಿಗಿರುವವರ ಕೋಲು ಎಲ್ಲವನ್ನೂ ನೆನಪಿಡಬೇಕು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 75 ದಾಟಿದ 469 ಮಂದಿಯನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಅದರಲ್ಲಿ ದೈಹಿಕ ಚಟುವಟಿಕೆಗಳ ಪೈಕಿ ಡಿಮೆನ್ಶಿಯಾದ (ಮರೆಗುಳಿತನದ ಕಾಯಿಲೆಯ) ಅಪಾಯ ಕಡಿಮೆ ಕಂಡದ್ದು ನೃತ್ಯ ಮಾಡುವವರಲ್ಲಿ ಮಾತ್ರ. ನೃತ್ಯವೇ ಕಾರಣ ಎಂದು ಇದರಿಂದ ತೀರ್ಮಾನಿಸಲಾಗದು, ಆದರೆ ಕುಣಿದರೆ ನಷ್ಟವೇನೂ ಇಲ್ಲವಲ್ಲ.

ಎಷ್ಟು, ಎಲ್ಲಿಯವರೆಗೆ?

ದಿನಾ ಆಗದಿದ್ದರೆ ಈ ಅಭ್ಯಾಸ ವಾರಕ್ಕೆ ಮೂರು ದಿನವಾದರೂ ಇರಲಿ. ಚುರುಕು ನಡಿಗೆಯನ್ನೂ ಬಿಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಎನ್ನುತ್ತದೆ. ಬಿಪಿ, ಸಕ್ಕರೆ ಹತೋಟಿಯಲ್ಲಿರಲಿ. ಕಿವಿ ಮಂದವಾಗಿದ್ದರೆ ಸಂಕೋಚ ಬಿಟ್ಟು ಮೆಷಿನ್ ಹಾಕಿಸಿಕೊಳ್ಳಿ. ಕಿವಿ ಕೇಳದಿರುವುದೂ ಡಿಮೆನ್ಶಿಯಾದ ಅಪಾಯಗಳಲ್ಲಿ ಒಂದು ಎಂದು ತಜ್ಞರು ಪಟ್ಟಿ ಮಾಡಿದ್ದಾರೆ.

ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದಕ್ಕೆ ಹೆದರಬೇಕಿಲ್ಲ. ದಿನಾ ಓಡಾಡುವ ದಾರಿಯೇ ತಪ್ಪುತ್ತಿದ್ದರೆ, ಹೇಳಿದ್ದನ್ನೇ ಅರ್ಧ ಗಂಟೆಯಲ್ಲಿ ನಾಲ್ಕು ಸಲ ಹೇಳುತ್ತಿದ್ದರೆ, ಹಣದ ಲೆಕ್ಕ ಹಿಡಿತಕ್ಕೆ ಸಿಗದಿದ್ದರೆ ವ್ಯಾಯಾಮ ನೆಚ್ಚಿಕೊಂಡು ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ. ಥೈರಾಯ್ಡ್ ಮತ್ತು ವಿಟಮಿನ್ ಬಿ12 ರಕ್ತಪರೀಕ್ಷೆ ಮಾಡಿಸಿ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ. ಮರೆವಿಗೆ ಅದೇ ಕಾರಣವಾಗಿದ್ದರೆ ಬೇಗ ಚಿಕಿತ್ಸೆ ಪಡೆದವರಿಗೆ ಅನುಕೂಲವಾಗುತ್ತದೆ.